ಬೆಂಜ್ ಸರ್ಕಲ್‌ನ ನಡುಹಗಲು

ಮೇ 25ರ ಸುಮಾರಿಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಕಾಲಿಡುತ್ತಾನೆ. ಕರ್ನಾಟಕದ ಬಯಲುಸೀಮೆಯ ರೈತನಿಗೆ ರೋಹಿಣಿ ಎಂದರೆ ಮಳೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂದು ಗಾದೆ ಕಟ್ಟಿದವನು ಅವನು. ಅದೇ ಎರಡು ವಾರವನ್ನು ಕೃಷ್ಣೆಯ ಕೆಳದಂಡೆಯ ತೆಲುಗು ರೈತ ರೋಹಿಣಿ ಕಾರ್ತೆ ಎಂದು ಕರೆದು, ಆ ಬಿಸಿಲಿಗೆ ಒರಳುಕಲ್ಲೂ ಸೀಳುತ್ತದೆ ಎನ್ನುತ್ತಾನೆ. ಪಂಚಾಂಗ ಒಂದೇ, ನದಿಯೂ ಒಂದೇ. ಆಲಮಟ್ಟಿ, ನಾರಾಯಣಪುರ ದಾಟಿ, ರಾಯಚೂರು ಸೀಮೆಯ ಬಂಡೆಗಳ ನಡುವೆ ಹರಿದು, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ತಂಗಿ, ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಕೃಷ್ಣೆ ಬಂದು ಮುಟ್ಟುವಷ್ಟರಲ್ಲಿ ನಕ್ಷತ್ರದ ಗುಣವೇ ಬೇರೆಯಾಗಿರುತ್ತದೆ.

ವಿಪರೀತ ಬಿಸಿಲಿನಲ್ಲೂ ವಿಪರೀತ ಚಳಿಯಲ್ಲೂ ಬೇರೆ ಬೇರೆ ಸೀಮೆಯ ಜನ ಹೇಗೆ ಬದುಕು ಸಾಗಿಸುತ್ತಾರೆ ಎಂಬುದು ಈ ದತ್ತಿ ಉಪನ್ಯಾಸದ ವಿಷಯ. ಅದಕ್ಕೆ ಆರಿಸಿಕೊಂಡ ಜಾಗ ವಿಜಯವಾಡದ ಬೆಂಜ್ ಸರ್ಕಲ್. ಚೆನ್ನೈ–ಕೋಲ್ಕತ್ತ ರಾಷ್ಟ್ರೀಯ ಹೆದ್ದಾರಿ 16, ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿ 65 ಎರಡೂ ಕೂಡುವ ಸ್ಥಳವಿದು. ಎರಡನೆಯದು ಕನ್ನಡಿಗರಿಗೆ ಅಪರಿಚಿತ ರಸ್ತೆಯಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಹಾದೇ ಅದು ಹೈದರಾಬಾದಿಗೆ, ಅಲ್ಲಿಂದ ಇಲ್ಲಿಗೆ ಬರುತ್ತದೆ. ಚಳಿಗಾಲದಲ್ಲಿ ಕರ್ನಾಟಕದ ಅತಿ ಕಡಿಮೆ ಉಷ್ಣಾಂಶದ ಸುದ್ದಿ ಬಂತೆಂದರೆ ಊರು ಅನೇಕ ಸಲ ಬೀದರ್ ಆಗಿರುತ್ತದೆ. ಬೇಸಿಗೆಯಲ್ಲಿ ಧಗೆಯ ಸುದ್ದಿ ಬಂದರೆ ವಿಜಯವಾಡ. ಒಂದೇ ರಸ್ತೆ ಹಾಯುವ ಎರಡು ಸೀಮೆಗಳ ನಡುವೆ ಒಬ್ಬ ಲಾರಿ ಚಾಲಕ ವರ್ಷಪೂರ್ತಿ ಎರಡೂ ಹವಾಮಾನವನ್ನು ಉಣ್ಣುತ್ತಾನೆ.

ವಿಜಯವಾಡ ಯಾಕಿಷ್ಟು ಕಾಯುತ್ತದೆ? ಕಡಲು ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಸಾಮಾನ್ಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಒಳನಾಡಿಗೆ ಬಂದು ಬಿಸಿಯನ್ನು ತುಸು ತಗ್ಗಿಸುತ್ತದೆ. ಆದರೆ ಮೇ ಕೊನೆಯಲ್ಲಿ ದಖ್ಖನ್ನಿನ ಕಾದ ನೆಲದ ಮೇಲಿಂದ ಪಡುವಣ ಒಣಗಾಳಿ ಜೋರಾಗಿ ಬೀಸಿದರೆ ಕಡಲಗಾಳಿ ದಡದ ಬಳಿಯೇ ನಿಂತುಬಿಡುತ್ತದೆ. ಎತ್ತರದ ನಾಡಿನಿಂದ ಬಯಲಿಗೆ ಇಳಿಯುವ ಆ ಗಾಳಿ ಇಳಿಯುತ್ತಲೇ ಇನ್ನಷ್ಟು ಬಿಸಿಯಾಗುತ್ತದೆ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತವೊಂದು ಎದ್ದು ದೂರ ಸರಿದರಂತೂ ತೇವವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು ಆಂಧ್ರದ ದಡಕ್ಕೆ ಒಣಗಾಳಿಯನ್ನೇ ಬಿಟ್ಟುಹೋಗುತ್ತದೆ. 2003ರ ಮೇ ತಿಂಗಳಲ್ಲಿ ಆದದ್ದು ಇದೇ. ಊರಿನ ಒಳಗಿನ ಕಾರಣಗಳೂ ಇವೆ. ಇಂದ್ರಕೀಲಾದ್ರಿ, ಮೊಗಲರಾಜಪುರಂ, ಗುಣದಲದ ಬೋಳು ಬಂಡೆಗುಡ್ಡಗಳು ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಊರಿನ ಮೇಲೆ ಬಿಡುತ್ತವೆ. ಬ್ಲೇಜ್‌ವಾಡ ಎಂಬ ಅಡ್ಡಹೆಸರು ಸುಮ್ಮನೆ ಅಂಟಿದ್ದಲ್ಲ.

ರಾಯಚೂರು, ಕಲಬುರಗಿಯವರು ಇದನ್ನು ಕೇಳಿ ನಕ್ಕಾರು. ನಲವತ್ತಮೂರು, ನಲವತ್ತನಾಲ್ಕು ಡಿಗ್ರಿ ಅವರಿಗೆ ಪ್ರತಿ ಬೇಸಿಗೆಯ ಮಾತು; ವಿಜಯವಾಡದ ಮೂವತ್ತೆಂಟು ಅವರ ಕಣ್ಣಿಗೆ ಏನೂ ಅಲ್ಲ. ಇಲ್ಲಿಯೇ ಉಷ್ಣಮಾಪಕ ದಾರಿ ತಪ್ಪಿಸುವುದು. ಅದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಬೇರೊಂದು ಅಂಕಿ ಬರುತ್ತದೆ. ಬೆವರು ಆರಿ ಮೈ ಎಷ್ಟರಮಟ್ಟಿಗೆ ತಂಪಾಗಬಲ್ಲದು ಎಂಬುದನ್ನು ಹೇಳುವ ಅಂಕಿ ಅದು. ಗಾಳಿಯ ತೇವಾಂಶ ಶೇ 20ರಷ್ಟಿರುವ ರಾಯಚೂರಿನ 42 ಡಿಗ್ರಿಯಲ್ಲಿ ಅದು ಸುಮಾರು 24. ಒಣಗಾಳಿ ತಗ್ಗಿ ಕಡಲಗಾಳಿ ಬಂದು ತೇವಾಂಶ ಶೇ 60ಕ್ಕೆ ಏರಿದ ವಿಜಯವಾಡದ 38 ಡಿಗ್ರಿಯಲ್ಲಿ ಸುಮಾರು 31. ನಾಲ್ಕು ಡಿಗ್ರಿ ಕಡಿಮೆ ತೋರಿಸುವ ಊರೇ ಮೈಗೆ ಹೆಚ್ಚು ಭಾರ. ಈ ಒದ್ದೆಬಟ್ಟೆ ಅಂಕಿ 35 ದಾಟಿದರೆ ಎಂಥ ಗಟ್ಟಿ ಮನುಷ್ಯನೂ ಕೆಲವೇ ಗಂಟೆ ಬದುಕಬಲ್ಲ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರನ್ನೇ ಕೋಣೆಯಲ್ಲಿರಿಸಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಮೈ ತನ್ನ ಶಾಖವನ್ನು ಹತೋಟಿಯಲ್ಲಿಡಲು ಸೋಲುವುದು 31ರ ಆಸುಪಾಸಿನಲ್ಲೇ. ಭಾರತೀಯ ಹವಾಮಾನ ಇಲಾಖೆಗೂ ಈ ವ್ಯತ್ಯಾಸ ಗೊತ್ತಿದೆ. ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿದರೆ ಮಾತ್ರ ಬಿಸಿಗಾಳಿಯ ವಿಚಾರ ಎತ್ತುವ ಇಲಾಖೆ, ಕರಾವಳಿಗೆ ಆ ಮಿತಿಯನ್ನು 37ಕ್ಕೆ ಇಳಿಸಿದೆ. ಎರಡೂ ಕಡೆ ಅದು ಸಾಮಾನ್ಯವಾಗಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲಿರಬೇಕು, ಅಷ್ಟೆ.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿದರೆ ಏನೂ ಹೋಗುವುದಿಲ್ಲ. ನೀರು, ಉಪ್ಪು ಎರಡೂ ನಷ್ಟ. ಬಿಸಿಲಿಗೆ ಹೊಸಬನಾದವನ ಮೈ ಬೇಗ ಬೆವರಲು, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡಲು ಕಲಿಯುವುದಕ್ಕೆ ಒಂದರಿಂದ ಎರಡು ವಾರ ಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ವಿಜಯವಾಡದಲ್ಲಿ ಇಳಿದವನಿಗೆ ಆ ಎರಡು ವಾರ ಯಾರು ಕೊಡುತ್ತಾರೆ? 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿದ್ದಕ್ಕೇ ಬೆಂಗಳೂರು ವಾರಗಟ್ಟಲೆ ಅದನ್ನೇ ಆಡಿಕೊಂಡಿತ್ತು.

2015ರ ಮೇ ಕೊನೆಯ ವಾರಗಳಲ್ಲಿ ಆಂಧ್ರ ಮತ್ತು ತೆಲಂಗಾಣದಲ್ಲಿ ಬಿಸಿಲು ಬಡಿದು ಸತ್ತವರ ಸಂಖ್ಯೆ ಸಾವಿರವನ್ನು ದಾಟಿತು. ಆಂಧ್ರ ಸರ್ಕಾರ ಸತ್ತವರ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಬಿಸಿಲು ಬಡಿಯುವುದಕ್ಕೆ ಅಲ್ಲಿ ವಡದೆಬ್ಬ ಎನ್ನುತ್ತಾರೆ. ಸತ್ತವರಲ್ಲಿ ಹೆಚ್ಚಿನವರು ಮುದುಕರು ಮತ್ತು ಹೊರಗೆ ದುಡಿಯುವ ಕೂಲಿಗಳು. ಮುದುಕರದ್ದು ಮೈಯ ಸೋಲು ಎನ್ನಬಹುದು. ಕೂಲಿಯವನದ್ದು ಹಾಗಲ್ಲ. ಅವನ ಮೈ ಬಿಸಿಲಿಗೆ ಪಳಗಿದ್ದು, ವಯಸ್ಸೂ ಚಿಕ್ಕದು. ಅವನ ಕೈಯಲ್ಲಿ ಇಲ್ಲದ್ದು ಹೊತ್ತು. ಎಷ್ಟೊತ್ತಿಗೆ ಕೆಲಸಕ್ಕೆ ಇಳಿಯಬೇಕು, ಎಷ್ಟೊತ್ತಿಗೆ ನೆರಳಿಗೆ ಸರಿಯಬೇಕು ಎಂಬುದನ್ನು ಅವನು ತೀರ್ಮಾನಿಸುವಂತಿಲ್ಲ. ಬಿಸಿಲನ್ನೂ ಚಳಿಯನ್ನೂ ಗೆದ್ದ ಸೀಮೆಗಳನ್ನು ಒಂದೊಂದಾಗಿ ನೋಡಿದರೆ ಎಲ್ಲೆಡೆ ಕಾಣುವುದು ಉಪಕರಣಕ್ಕಿಂತ ಹೆಚ್ಚಾಗಿ ಹೊತ್ತಿನ ಏರ್ಪಾಟು.

ಕಲಬುರಗಿ ಕಡೆಯ ಹಳೆಯ ಮಾಳಿಗೆ ಮನೆಯನ್ನೇ ತೆಗೆದುಕೊಳ್ಳಬಹುದು. ಎರಡು ಮೂರು ಅಡಿ ದಪ್ಪದ ಮಣ್ಣು-ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೈಯಗಲದ ಕಿಟಕಿ. ಈ ಗೋಡೆ ಬಿಸಿಲನ್ನು ತಡೆಯುವುದಿಲ್ಲ, ತಡಮಾಡುತ್ತದೆ. ಮಧ್ಯಾಹ್ನ ಹೊರಮೈಗೆ ಹೊಡೆದ ಶಾಖ ಒಳಮೈಗೆ ಬರುವಾಗ ರಾತ್ರಿಯಾಗಿರುತ್ತದೆ. ಅಷ್ಟೊತ್ತಿಗೆ ಮನೆಮಂದಿ ಮಾಳಿಗೆ ಹತ್ತಿ ಚಾಪೆ ಹಾಸಿರುತ್ತಾರೆ. ಮನೆ ಕಾಯುವ ಹೊತ್ತಿಗೆ ಮನುಷ್ಯ ಮನೆಯೊಳಗಿಲ್ಲ. ಈ ಲೆಕ್ಕವನ್ನು ತಗಡಿನ ಶೆಡ್ಡು, ಆರ್‌ಸಿಸಿ ಪೆಟ್ಟಿಗೆ ಮನೆ ಎರಡೂ ಕೆಡಿಸಿದವು. ತಗಡಿಗೆ ತಡವೇ ಗೊತ್ತಿಲ್ಲ. ಕಾಂಕ್ರೀಟು ತಡವಾಗಿ ಬಿಡುವುದೇನೋ ಸರಿ, ಆದರೆ ಪಟ್ಟಣದ ಬಾಡಿಗೆದಾರನಿಗೆ ಮಲಗಲು ಮಾಳಿಗೆಯಿಲ್ಲ. ರಾತ್ರಿ ತಂಪಾಗದ ಮೈ ಮರುದಿನದ ಬಿಸಿಲಿಗೆ ಅರ್ಧ ಸೋತೇ ಹೊರಡುತ್ತದೆ. ಮಾಳಿಗೆಗೆ ಸುಣ್ಣ ಬಳಿಯುವ ನಮ್ಮ ಹಿರಿಯರ ರೂಢಿಯನ್ನೇ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿ ನೀತಿಯೆಂದು ಕಾಗದಕ್ಕಿಳಿಸಿತು. ಒಳ್ಳೆಯದೇ ಆಯಿತು.

ಊಟದ ವಿಚಾರದಲ್ಲಿ ಎರಡೂ ಸೀಮೆಯದು ಒಂದೇ ಮಾತು. ನಮ್ಮಲ್ಲಿ ಜೋಳದ ನುಚ್ಚು, ಅಂಬಲಿ, ಮಜ್ಜಿಗೆ, ಉಳ್ಳಾಗಡ್ಡಿ; ಆಂಧ್ರದಲ್ಲಿ ರಾತ್ರಿ ನೆನೆಸಿಟ್ಟ ಚದ್ದಿ ಅನ್ನ, ಮಜ್ಜಿಗೆ, ತಾಟಿ ಮುಂಜಲು ಎಂಬ ತಾಟಿನುಂಗು, ಸುಗಂಧಿ ಬೇರಿನ ಷರಬತ್ತು. ನೀರು ಮತ್ತು ಉಪ್ಪು ಒಟ್ಟಿಗೆ ಹೊಟ್ಟೆಗೆ ಹೋಗುವುದು ಇವುಗಳ ಗುಟ್ಟು. ಉಪ್ಪು ಹಾಕಿದ ಮಜ್ಜಿಗೆ ಓಆರ್‌ಎಸ್‌ನ ಹಳ್ಳಿಯ ಹಿರಿಯಕ್ಕ. ಆದರೆ ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯದು ಎಂಬ ನಂಬಿಕೆ ರಾಯಚೂರಿನಲ್ಲೂ ಇದೆ, ವಿಜಯವಾಡದಲ್ಲೂ ಇದೆ. ಜೇಬಿನ ಉಳ್ಳಾಗಡ್ಡಿಯಿಂದ ಜೇಬು ವಾಸನೆ ಹೊಡೆಯುವುದೊಂದೇ ಲಾಭ.

ಬೇಸಿಗೆಯಲ್ಲಿ ವಿಜಯವಾಡದ ಬೀದಿಗಳಲ್ಲಿ ಚಲಿವೇಂದ್ರಂಗಳು ಏಳುತ್ತವೆ. ತೆಂಗಿನ ಗರಿಯ ಚಪ್ಪರ, ಮರಳಿನ ಮೇಲೆ ಒದ್ದೆ ಬಟ್ಟೆ ಸುತ್ತಿದ ಮಡಕೆ, ಹಗ್ಗ ಕಟ್ಟಿದ ಲೋಟ. ಪಾಲಿಕೆ, ಸೇವಾಸಂಸ್ಥೆ, ವ್ಯಾಪಾರಿಗಳು, ರಾಜಕೀಯ ಪಕ್ಷ, ಯಾರಾದರೂ ಇಡಬಹುದು. ಫ್ಲೆಕ್ಸ್ ಬ್ಯಾನರು ಮಡಕೆಗಿಂತ ದೊಡ್ಡದಾಗಿರುವುದೂ ಉಂಟು. ನಮ್ಮ ಕಡೆ ಇದು ಅರವಟ್ಟಿಗೆ. ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಅರವಟ್ಟಿಗೆಗೆ ಭೂಮಿ ಬಿಟ್ಟ ದಾಖಲೆಗಳಿವೆ. ದತ್ತಿಯೆಂದರೆ ಉಪನ್ಯಾಸ ಎಂದುಕೊಂಡಿರುವ ನಾವು, ಇದೇ ನಾಡಿನಲ್ಲಿ ದಾರಿಹೋಕನ ಬೊಗಸೆಗೆ ಎರೆಯುವ ನೀರಿಗೂ ದತ್ತಿ ಇರುತ್ತಿತ್ತು ಎಂಬುದನ್ನು ಈ ವೇದಿಕೆಯಲ್ಲೇ ನೆನೆಯುವುದು ಉಚಿತ. ಇದು ಇನ್ನೂ ಹಿಂದಕ್ಕೆ ಹೋಗುತ್ತದೆ. ಶಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತ ಸಂಕಲನ ಗಾಥಾಸಪ್ತಶತಿಯಲ್ಲಿ ಅರವಟ್ಟಿಗೆಯ ಹೆಣ್ಣೂ ದಾರಿಹೋಕನೂ ನೀರಿನ ನೆಪದಲ್ಲಿ ಹೊತ್ತು ಬೆಳೆಸುವ ಚೆಲುವಾದ ಗಾಹೆಯೊಂದಿದೆ. ಶಾತವಾಹನರ ಧಾನ್ಯಕಟಕ, ಈಗಿನ ಅಮರಾವತಿ, ಬೆಂಜ್ ಸರ್ಕಲ್‌ನಿಂದ ಬಹು ದೂರವೇನಲ್ಲ. ಅರವಟ್ಟಿಗೆಯಲ್ಲಿ ನೀರಷ್ಟೇ ಮುಖ್ಯವಾದದ್ದು ನಿಲ್ಲುವ ಹಕ್ಕು. ಅಲ್ಲಿ ನಿಂತವನನ್ನು ಯಾಕೆ ನಿಂತೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಾಟಲಿ ನೀರು ಕೊಂಡವನಿಗೆ ಅಂಗಡಿಯ ನೆರಳು ಎಷ್ಟು ನಿಮಿಷ ದಕ್ಕುತ್ತದೆ?

ಇನ್ನು ಚಳಿ. ಆಂಧ್ರವೆಂದರೆ ಬರೀ ಧಗೆಯೆಂದು ತಿಳಿದವರು ವಿಶಾಖಪಟ್ಟಣದಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ಒಳಗೆ, ಪೂರ್ವಘಟ್ಟದ ಲಂಬಸಿಂಗಿಗೆ ಡಿಸೆಂಬರಿನಲ್ಲಿ ಹೋಗಬೇಕು. 2022ರಲ್ಲಿ ರಚನೆಯಾದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದ ಈ ಹಳ್ಳಿ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಅಲ್ಲಿ, ಪಕ್ಕದ ಚಿಂತಪಲ್ಲಿಯಲ್ಲಿ ಕೆಲವು ಬೆಳಗು ಉಷ್ಣಾಂಶ ಐದಕ್ಕಿಂತ ಕೆಳಗಿಳಿಯುತ್ತದೆ. ಮಂಜು ನೋಡಲು ಪ್ರವಾಸಿಗರು ನಸುಕಿಗೆ ಮೊದಲೇ ಕಾರುಗಳಲ್ಲಿ ಬಂದಿಳಿಯುತ್ತಾರೆ. ಅಲ್ಲಿನ ಆದಿವಾಸಿಗಳು ಬಿಸಿಲು ಏರುವವರೆಗೆ ಬೆಂಕಿ ಬಿಟ್ಟು ಕದಲರು. ಬೀದರಿನ ರೈತನೂ ಹಾಗೆಯೇ. ಅಗ್ಗಿಷ್ಟಿಕೆಯ ಸುತ್ತ ಕೂತು ಹೊತ್ತೇರಿದ ಮೇಲೆ ಹೊಲದ ಹಾದಿ ಹಿಡಿಯುತ್ತಾನೆ. ಇಲ್ಲೊಂದು ಎಚ್ಚರ ಹೇಳಲೇಬೇಕು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರಿ, ಮಲಗಿದವರು ಏಳುವುದಿಲ್ಲ.

ಚಳಿಗೂ ಬಿಸಿಲಿಗೂ ಒಂದು ಮೂಲ ವ್ಯತ್ಯಾಸವಿದೆ. ಚಳಿಗೆ ಒಂದರ ಮೇಲೊಂದು ಹೊದೆಯುತ್ತಾ ಹೋಗಬಹುದು. ಬಿಸಿಲಿಗೆ ಚರ್ಮದಾಚೆ ಕಳಚುವುದಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಚಳಿಯನ್ನು ಒಬ್ಬೊಬ್ಬನೇ ಎದುರಿಸಬಹುದಾದಷ್ಟು ಬಿಸಿಲನ್ನು ಎದುರಿಸಲಾಗದು. ಆದರೂ ಚಳಿಯ ಕೊನೆಯ ಅಂಚಿಗೆ ಹೋದರೆ ಹೊದಿಕೆಯೂ ಸಾಲದು, ಅಲ್ಲೂ ಹೊತ್ತೇ ಕಾಯಬೇಕು.

ಆ ಅಂಚಿನಲ್ಲಿ ನಿಂತವರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟಿನ ಯೋಧ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಅವರಲ್ಲಿ ಕರ್ನಾಟಕದವರು ಮೂವರು, ಆಂಧ್ರದ ಕರ್ನೂಲು ಜಿಲ್ಲೆಯವರು ಒಬ್ಬರು. ಆರು ದಿನಗಳ ನಂತರ ಅಡಿಗಟ್ಟಲೆ ಹಿಮವನ್ನು ಕೊರೆದು ನೋಡಿದಾಗ ಕೊಪ್ಪದ ಉಸಿರಾಡುತ್ತಿದ್ದರು. ಇಡೀ ದೇಶ ದೆಹಲಿಯ ಸೇನಾ ಆಸ್ಪತ್ರೆಯ ಸುದ್ದಿಗೆ ಕಿವಿಗೊಟ್ಟು ಕೂತಿತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. 1984ರಿಂದ ಈಚೆಗೆ ಸಿಯಾಚಿನ್ನಿನಲ್ಲಿ ಗುಂಡಿಗೆ ಬಲಿಯಾದವರಿಗಿಂತ ಹವೆಗೆ ಬಲಿಯಾದವರೇ ಹೆಚ್ಚು. ಆದ್ದರಿಂದ ಸೇನೆ ಅಲ್ಲಿ ಹೊತ್ತನ್ನು ಅಳೆದು ಕೊಡುತ್ತದೆ. ಒಂಬತ್ತು ಸಾವಿರ ಅಡಿಯಿಂದ ಮೇಲೆ ಹೋಗುವ ಯೋಧ ಮೊದಲ ಹಂತದಲ್ಲಿ ಆರು ದಿನ, ಮುಂದಿನ ಎರಡು ಹಂತಗಳಲ್ಲಿ ನಾಲ್ಕು ನಾಲ್ಕು ದಿನ ತಂಗಿ ಮೈಯನ್ನು ಹದಗೊಳಿಸಿಕೊಳ್ಳಬೇಕು. ಹದಿನಾಲ್ಕು ದಿನ. ಮೇಲಿನ ಠಾಣೆಗಳಲ್ಲಿ ಸರದಿ ಮುಗಿದ ಮೇಲೆ ಇಳಿಸಲೇಬೇಕು. ಅಲ್ಲಿ ಯೋಧನ ಮೈ ಹದವಾಗುವುದಕ್ಕೆ ಬೇಕಾದ ಎರಡು ವಾರ ನಿಯಮಾವಳಿಯಲ್ಲಿದೆ. ವಿಜಯವಾಡದಲ್ಲಿ ಮೇ ತಿಂಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದಿಳಿಯುವ ಹೊಸ ಆಳಿಗೆ ಅದೇ ಎರಡು ವಾರ ಮೇಸ್ತ್ರಿಯ ಮರ್ಜಿಯಲ್ಲಿದೆ.

ಷಿಕಾಗೊದ ಕನ್ನಡ ಮನೆಗಳಿಗೆ ಎರಡೂ ತುದಿಯ ಅನುಭವವುಂಟು. 2019ರ ಜನವರಿ 30ರಂದು ಆ ನಗರದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಚಳಿ ಹೊಡೆಯಿತು. ಶಾಲೆಗಳು ಮುಚ್ಚಿದವು, ಮಳೆ ಗಾಳಿಗೆ ನಿಲ್ಲದ ಅಮೆರಿಕದ ಅಂಚೆ ಕೂಡ ಆ ಭಾಗದಲ್ಲಿ ಬಟವಾಡೆ ನಿಲ್ಲಿಸಿತು. ನಗರವೇ ಗಡಿಯಾರ ನಿಲ್ಲಿಸಿಕೊಂಡು ಕೂತಿತು ಎನ್ನಿ. ಅದೇ ಷಿಕಾಗೊದಲ್ಲಿ 1995ರ ಜುಲೈ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಆ ಸಾವುಗಳ ಬೆನ್ನು ಹತ್ತಿ ಹೋದಾಗ ಕಂಡದ್ದು, ಒಂಟಿಯಾಗಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ ಮುದುಕರು. ಬೀದಿಯಲ್ಲಿ ಅಂಗಡಿ, ಜನಸಂಚಾರ ಇದ್ದ ಬಡ ಕೇರಿಗಳಲ್ಲಿ ಸಾವು ಕಡಿಮೆಯಿತ್ತು. ನಮ್ಮ ಜಗಲಿ ಕಟ್ಟೆಗಳಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಕಟ್ಟೆಗಳೇ ಈಗ ಇಲ್ಲ, ಆ ಮಾತು ಬೇರೆ.

ಮಂಗಳೂರು, ಉಡುಪಿ, ಭಟ್ಕಳದವರು ದುಡಿಯಲು ಹೋಗುವ ಕೊಲ್ಲಿ ನಾಡುಗಳು ಹೊತ್ತಿನ ಪಾಠವನ್ನು ಕಾನೂನಾಗಿಸಿವೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕತಾರ್ 2021ರಲ್ಲಿ ಇದನ್ನು ಬೆಳಗ್ಗೆ ಹತ್ತರಿಂದ ಮೂರೂವರೆಗೆ ವಿಸ್ತರಿಸಿತು. ಆ ನಾಡುಗಳ ಕೂಲಿಶಿಬಿರಗಳ ಬಗ್ಗೆ ಹೇಳಬೇಕಾದ್ದು ಬೇಕಾದಷ್ಟಿದೆ. ಆದರೂ ಮುಚ್ಚಳಿಕೆಯಷ್ಟು ಸ್ಪಷ್ಟವಾದ ಇಂಥ ಒಂದು ಸಾಲು, ಇಡೀ ದೇಶಕ್ಕೆ ಅನ್ವಯಿಸುವಂತೆ, ನಮ್ಮ ಕಟ್ಟಡ ಕೆಲಸಗಾರನ ಪಾಲಿಗೆ ಇನ್ನೂ ಬಂದಿಲ್ಲ. ನಮ್ಮಲ್ಲಿ ದಾರಿ ತೋರಿದ್ದು ಅಹಮದಾಬಾದ್. 2010ರ ಮೇ ತಿಂಗಳಲ್ಲಿ 46.8 ಡಿಗ್ರಿ ಬಿಸಿಲಿಗೆ ಆ ನಗರದಲ್ಲಿ ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಸಾವು ಸಂಭವಿಸಿದ ಮೇಲೆ, 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಬಿಸಿಲು ಕ್ರಿಯಾಯೋಜನೆ ಅಲ್ಲಿ ಜಾರಿಗೆ ಬಂತು. ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರು ಎಲ್ಲ ಅದರಲ್ಲಿವೆ. ಸಲಹೆಗಳೂ ಇವೆ: ಮಧ್ಯಾಹ್ನ ಹೊರಗೆ ಹೋಗಬೇಡಿ.

ಬೆಂಜ್ ಸರ್ಕಲ್‌ನಲ್ಲಿ ಈ ಸಲಹೆಯನ್ನು ಯಾರಿಗೆ ಹೇಳುವುದು? ಮಧ್ಯಾಹ್ನ ಒಂದೂವರೆಗೆ ಅಲ್ಲಿರುವವರು ಸಂಚಾರಿ ಪೊಲೀಸ್, ಆಟೊ ಚಾಲಕ, ಕಬ್ಬಿನ ಹಾಲಿನವನು, ಊಟದ ಪೊಟ್ಟಣ ಹೊತ್ತ ಡೆಲಿವರಿ ಹುಡುಗ. ಮನೆಯಲ್ಲಿ ತಂಪಾಗಿ ಕೂತವನು ಸಲಹೆ ಪಾಲಿಸಿದಷ್ಟೂ ಹುಡುಗನ ಆರ್ಡರು ಹೆಚ್ಚುತ್ತದೆ. ಫ್ಲೈಓವರುಗಳು ಬಂದ ಮೇಲೆ ಅವುಗಳ ಅಡಿಯ ನೆರಳೇ ಅಲ್ಲಿನ ದೊಡ್ಡ ಚಪ್ಪರ. ಇಂಜಿನಿಯರುಗಳು ಎಣಿಸದೆಯೇ ಕಟ್ಟಿದ ಅರವಟ್ಟಿಗೆ ಅದು, ನೀರೊಂದು ಬಿಟ್ಟು. 2024ರ ಬೇಸಿಗೆಯಲ್ಲಿ ಪುದುಚೇರಿ ಸಿಗ್ನಲ್‌ಗಳಲ್ಲಿ ಕಾಯುವ ದ್ವಿಚಕ್ರ ಸವಾರರ ಮೇಲೆ ಹಸಿರು ಬಲೆ ಕಟ್ಟಿಸಿತು. ಕೇಂದ್ರ ಸರ್ಕಾರ 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದೆ. ಹುಮನಾಬಾದಿನಿಂದ ಹೊರಟ ಹಳೆಯ ಲಾರಿಗೆ ಅದು ಅನ್ವಯಿಸುವುದಿಲ್ಲ. ಇಂಜಿನ್ನಿನ ಪಕ್ಕದಲ್ಲೇ ಕೂತು ಅದರ ಚಾಲಕ ಇನ್ನೂ ಹಲವು ಬೇಸಿಗೆ ಓಡಿಸಬೇಕು.

ಕರ್ನಾಟಕ ಈ ವಿಷಯದಲ್ಲಿ ಮಾಡುತ್ತಾ ಬಂದಿರುವ ಒಂದು ಕೆಲಸ ಮೆಚ್ಚುವಂಥದ್ದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಆಂಧ್ರದಲ್ಲೂ ಬೇಸಿಗೆ ಹತ್ತಿರವಾಗುತ್ತಲೇ ಒಂಟಿಪೂಟ ಬಡಿ, ಅಂದರೆ ಅರ್ಧ ದಿನದ ಶಾಲೆ, ಶುರುವಾಗಿ ಮಕ್ಕಳನ್ನು ಮಧ್ಯಾಹ್ನ ಊಟ ಹಾಕಿ ಕಳಿಸುತ್ತಾರೆ. ಸರ್ಕಾರ ಮನಸ್ಸು ಮಾಡಿದರೆ ಗಡಿಯಾರ ಬದಲಾಯಿಸಬಲ್ಲದು ಎಂಬುದಕ್ಕೆ ಇವೆರಡೂ ಸಾಕ್ಷಿ. ಆದರೆ ಕಚೇರಿ, ಶಾಲೆ ಬಿಡುವ ಹೊತ್ತನ್ನು ನೋಡಿ. ಗುಮಾಸ್ತನೇನೋ ಸ್ಕೂಟರಿನಲ್ಲಿ ಹತ್ತು ನಿಮಿಷದಲ್ಲಿ ಮನೆ ಸೇರುತ್ತಾನೆ. ಪಹಣಿಗೋ ಪಿಂಚಣಿಗೋ ಹಳ್ಳಿಯಿಂದ ತಾಲ್ಲೂಕು ಕಚೇರಿಗೆ ಬಂದ ಅಜ್ಜಿ, ಒಂದೂವರೆಗೆ ಬಾಗಿಲು ಹಾಕಿದ ಮೇಲೆ, ದಿನದ ಅತಿ ಬಿಸಿಯ ಎರಡು ಗಂಟೆಯನ್ನು ಬಸ್ ನಿಲ್ದಾಣದ ತಗಡಿನ ಅಡಿಯಲ್ಲಿ ಕಳೆಯಬೇಕು. ಕಚೇರಿಯ ವೇಳೆ ಬದಲಿಸುವ ಆದೇಶ ಹೊರಡುವ ದಿನವೇ ಆ ತಾಲ್ಲೂಕಿನ ಹಳ್ಳಿ ಬಸ್ಸುಗಳ ವೇಳೆಯನ್ನೂ ಒಂದೂ ಮುಕ್ಕಾಲಿಗೆ ಕೂಡಿಸಬಹುದು. ನಿಲ್ದಾಣದ ತಗಡಿಗೆ ಮಾರ್ಚ್ ತಿಂಗಳಲ್ಲೇ ಬಿಳಿ ಸುಣ್ಣ ಹೊಡೆಸಬಹುದು, ಪಕ್ಕದಲ್ಲಿ ಎರಡು ಮಡಕೆ ನೀರು ಇಡಿಸಬಹುದು. ಇದಕ್ಕೆ ಹೊಸ ನೀತಿಯಾಗಲಿ ಹೊಸ ಸಮಿತಿಯಾಗಲಿ ಬೇಕಿಲ್ಲ. ತಹಶೀಲ್ದಾರರು ಡಿಪೊ ಮ್ಯಾನೇಜರಿಗೆ ಒಂದು ಫೋನು ಮಾಡಿದರೆ ಆದೀತು.